ಸೋರುವ ಮಾಡು ಯಾರದು?

ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ನಮ್ಮ ಸೀಮೆಯಲ್ಲಿ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ ನೇಮಗಳು ನಿಲ್ಲುತ್ತವೆ. ಬೇಸಾಯಗಾರನು ಆಕಾಶವನ್ನು ನೋಡತೊಡಗುತ್ತಾನೆ. ಮಳೆ ಬರುವುದಕ್ಕೆ ಮುಂಚೆ ಮುಗಿಸತಕ್ಕ ಕೆಲಸಗಳಿಗೆ ಒಂದು ಗಡುವನ್ನು ಇಟ್ಟುಹೋದ ಹಿರಿಯರ ದೂರದೃಷ್ಟಿಯನ್ನು ನಾವು ಸಭೆಗಳಲ್ಲಿ ಮನಸಾರೆ ಹೊಗಳುತ್ತೇವೆ. ಮುಳಿಹುಲ್ಲಿನ ಮಾಡುಗಳಿದ್ದ ಕಾಲದಲ್ಲಿ ಮಳೆಗೆ ಮೊದಲು ಹೊಸ ಹುಲ್ಲು ಹೊದಿಸದೆ ಕುಳಿತವನನ್ನು ಸೋಮಾರಿಯೆನ್ನದೆ ಬೇರೇನೆನ್ನಬೇಕಿತ್ತು? ಆದರೆ ಈ ಗಡುವು ಇಂದು ಒಂದು ಬಗೆಯ ಮನೆಗೆ ಮಾತ್ರ ಅನ್ವಯಿಸದಂತೆ ಆಗಿದೆ. ಅದು ಬಾಡಿಗೆಯ ಮನೆ. ನಮ್ಮ ಕಡೆಯ ಮಾತಿನಲ್ಲಿ, ಬಿಡಾರ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬಿಡಾರದಲ್ಲಿ ವಾಸಿಸುವವರು ಈಗ ಬೆರಳಲ್ಲಿ ಎಣಿಸುವಷ್ಟು ಮಂದಿಯಲ್ಲ. ಮೂಡುಬಿದಿರೆಯ ವಿದ್ಯಾಸಂಸ್ಥೆಗಳೂ ಉಜಿರೆಯ ಕಾಲೇಜುಗಳೂ ದೂರದೂರದ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕರೆತಂದಿವೆ. ಬಿ. ಸಿ. ರೋಡು ಕಚೇರಿಗಳ, ಬ್ಯಾಂಕುಗಳ, ಅಂಗಡಿಗಳ ಊರಾಗಿ ಬೆಳೆದಿದೆ. ಶಾಲೆಯ ಮೇಷ್ಟರು, ಆಸ್ಪತ್ರೆಯ ದಾದಿ, ಬ್ಯಾಂಕಿನ ಗುಮಾಸ್ತ, ಬಸ್ಸಿನ ನಿರ್ವಾಹಕ, ವರ್ಗವಾಗಿ ಬಂದ ಪೋಲೀಸಿನವನು, ಇವರಿಗೆಲ್ಲ ಬಿಡಾರವೇ ಗತಿ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಬಾಡಿಗೆ ಕೊಡುವವರಿದ್ದಾರೆ, ಬಾಡಿಗೆ ಪಡೆಯುವವರಿದ್ದಾರೆ. ಆದುದರಿಂದ ನಾನು ಹೇಳಹೊರಟ ಮಾತು ಯಾರೋ ಅನ್ಯರನ್ನು ಕುರಿತದ್ದಲ್ಲ. ನಮ್ಮ ನಮ್ಮೊಳಗಿನ ಲೆಕ್ಕದ ಮಾತು.

ಈ ಲೆಕ್ಕ ವರ್ಷವರ್ಷವೂ ತಪ್ಪುವ ಕ್ರಮ ಹೀಗಿದೆ. ಜೂನು ತಿಂಗಳ ಮೊದಲ ಮಳೆಗೆ ಒಕ್ಕಲು ಮನೆಯೊಡೆಯರ ಜಗಲಿಗೆ ಹೋಗಿ, “ಒಳಗೆಲ್ಲ ಸೋರುತ್ತದೆ, ಮಾವ” ಎನ್ನುತ್ತಾನೆ. “ಈ ಮಳೆಗೆ ಹಂಚಿನ ಮೇಲೆ ಹತ್ತುವವರು ಯಾರು ಮಾರಾಯ? ಪಾಚಿ ಕಟ್ಟಿದೆ, ಜಾರಿ ಬಿದ್ದರೆ ಯಾರು ಹೊಣೆ? ಮಳೆಯೊಂದು ಬಿಡಲಿ” ಎಂಬ ಉತ್ತರ ಸಿಗುತ್ತದೆ. ಮಾತು ನ್ಯಾಯವಾಗಿಯೇ ಇದೆಯೆಂದು ಆತನು ಹಿಂದಿರುಗುತ್ತಾನೆ. ಮಳೆ ಬಿಡುತ್ತದೆ. ದೀಪಾವಳಿ ಕಳೆದ ಮೇಲೆ ಆತನು ಪುನಃ ಅದೇ ಜಗಲಿಗೆ ಹೋದರೆ, “ಈಗ ಸೋರುತ್ತದೆಯೋ? ಇಲ್ಲವಷ್ಟೆ. ಮುಂದೆ ನೋಡುವ” ಎಂಬ ಎರಡನೆಯ ಉತ್ತರ ಸಿದ್ಧವಾಗಿರುತ್ತದೆ. ಮಳೆಯಲ್ಲಿ ಮಾಡಲಾಗದ ಕೆಲಸ, ಬಿಸಿಲಿನಲ್ಲಿ ಬೇಡದ ಕೆಲಸ. ಹೀಗೆ ವರ್ಷದ ಹನ್ನೆರಡು ತಿಂಗಳಲ್ಲಿ ದುರಸ್ತಿಗೆ ಒಂದು ದಿನವೂ ಸಿಗದೆ ಹೋಗುತ್ತದೆ. ಬಾಡಿಗೆಯಾದರೋ ಹನ್ನೆರಡು ತಿಂಗಳೂ ಸಲ್ಲಬೇಕು.

ಕಳೆದ ಆಟಿಯಲ್ಲಿ ನಾನು ಮೂಡುಬಿದಿರೆಯಲ್ಲಿ ಇಂಥ ಒಂದು ಬಿಡಾರಕ್ಕೆ ಹೋಗಿದ್ದೆನು. ಚಾವಡಿಯಲ್ಲಿ ಮೂರು ಪಾತ್ರೆಗಳನ್ನಿಟ್ಟಿದ್ದರು. ಮಂಚವನ್ನು ಗೋಡೆಯಿಂದ ದೂರಕ್ಕೆ ಸರಿಸಿದ್ದರು. ಮಗುವಿನ ಶಾಲೆಯ ಪುಸ್ತಕಗಳು ಅಕ್ಕಿಯ ಡಬ್ಬದಲ್ಲಿದ್ದುವು. ವಿದ್ಯುತ್ತಿನ ಮೀಟರಿನ ಹಲಗೆಯ ಮೇಲಿನಿಂದ ನೀರಿನ ಗೆರೆಯೊಂದು ಇಳಿಯುತ್ತಿತ್ತು. ದೀಪ ಹಚ್ಚಬೇಕಾದಾಗ ಮನೆಯಾಕೆ ಮಣೆಯ ಮೇಲೆ ನಿಂತು ಒಣಗಿದ ಕೋಲಿನಿಂದ ಸ್ವಿಚ್ಚನ್ನು ಒತ್ತುತ್ತಿದ್ದಳು. “ಮಕ್ಕಳಿಗೆ ಮುಟ್ಟಬೇಡಿ ಎಂದು ಹೇಳಿಟ್ಟಿದ್ದೇನೆ” ಎಂದಳು. ತಿಂಗಳ ಐದನೆಯ ತಾರೀಕಿಗೆ ಬಾಡಿಗೆ ಸಲ್ಲದೆ ಇದ್ದರೆ ಆರನೆಯ ತಾರೀಕಿಗೆ ಆ ಮನೆಗೆ ಫೋನು ಬರುವುದುಂಟು. ಮಾಡಿನ ವಿಷಯವಾಗಿ ಎರಡು ವರ್ಷಗಳಿಂದ ಯಾರೂ ಬಂದಿರಲಿಲ್ಲ.

ನಮ್ಮದು ವರ್ಷಕ್ಕೆ ಮೂರುವರೆ ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ. ಅದರ ಬಹುಭಾಗ ಜೂನಿನಿಂದ ಸಪ್ಟಂಬರದೊಳಗೆ ಬೀಳುತ್ತದೆ. ಇಲ್ಲಿ ಮನೆಯೆಂದರೆ ಮೊದಲು ಮಾಡು, ಗೋಡೆ ಆ ಮೇಲಿನದು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರಿಗೆ ಇದು ತಿಳಿಯದ ವಿಷಯವಲ್ಲ. ಕಲ್ಲಿನ ಕಂಬಗಳನ್ನು ಬಯಲಿನಲ್ಲಿ ನಿಲ್ಲಿಸಿ ಸುಮ್ಮನಿರದೆ, ಅವುಗಳ ಮೇಲೆ ಇಳಿಜಾರಾದ ಮಾಡನ್ನು ಹೊದಿಸಿ ನೀರನ್ನು ದೂರಕ್ಕೆ ಹಾಯಿಸಿದ ಕಾರಣದಿಂದಲೂ, ತಲೆಮಾರು ತಲೆಮಾರಾಗಿ ಅದನ್ನು ನೋಡಿಕೊಂಡವರಿದ್ದುದರಿಂದಲೂ ಅದು ಉಳಿದಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಹುಲ್ಲು ಹೋಗಿ ಹಂಚು ಬಂತು. ಅದರೊಂದಿಗೆ ವರ್ಷ ವರ್ಷ ಮಾಡನ್ನು ಹೊದಿಸುವ ಕಷ್ಟವೂ ಹೋಯಿತು. ವರ್ಷಕ್ಕೊಮ್ಮೆ ಮಾಡನ್ನು ನೋಡುವ ಕೆಲಸ ಮಾತ್ರ ಹೋಗಲಿಲ್ಲ. ಒಂದು ತೆಂಗಿನ ಕಾಯಿ ಬಿದ್ದರೆ, ಒಂದು ಮಂಗ ಹಾರಿದರೆ ಹಂಚು ಒಡೆಯುತ್ತದೆ. ಒಡೆದ ಒಂದು ಹಂಚಿನಿಂದ ಇಳಿದ ನೀರು ರೀಪನ್ನೂ ಪಕಾಸನ್ನೂ ನೆನೆಸುತ್ತದೆ. ನೆನೆದ ಮರಕ್ಕೆ ಒರಲೆ ಹಿಡಿಯುತ್ತದೆ. ಮುರಕಲ್ಲಿನ ಗೋಡೆ ನೀರು ಕುಡಿದು ಗಾರೆಯನ್ನು ಉದುರಿಸುತ್ತದೆ. ಟೆರೇಸಿನ ಮನೆಗಳ ಕತೆಯೂ ಬೇರೆಯಲ್ಲ. ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು, ತುಕ್ಕು ಹಿಡಿದ ಕಬ್ಬಿಣ ಉಬ್ಬುವುದು, ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಒಡೆದು ಕೆಳಗೆ ಬೀಳಿಸುವುದು. ಟೆರೇಸಿನ ಮೇಲೆ ತಗಡಿನ ಮಾಡನ್ನು ಎಬ್ಬಿಸಿಕೊಂಡ ಮನೆಯೊಡೆಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ತಾವು ವಾಸಿಸುವ ಮನೆಗೆ ಬೇಕೆಂದು ತಿಳಿದುದು, ಬಾಡಿಗೆಗೆ ಕೊಟ್ಟ ಮನೆಗೆ ಬೇಡವೆಂದು ತಿಳಿಯುವುದು ಯಾವ ಶಾಸ್ತ್ರ?

ಇದಕ್ಕೆ ಮನೆಯೊಡೆಯರು ಕೊಡುವ ಸಮಾಧಾನಗಳನ್ನು ಪರಾಂಬರಿಸೋಣ. “ಬಾಡಿಗೆ ಕಡಿಮೆ, ಅದರಲ್ಲಿ ದುರಸ್ತಿಗೆ ಏನು ಉಳಿಯುತ್ತದೆ?” ಎನ್ನುವರು ಕೆಲವರು. ಬಾಡಿಗೆಯನ್ನು ಗೊತ್ತುಮಾಡಿದವರು ಯಾರು? ಸೋರುವ ಮನೆಯೆಂದು ಮೊದಲೇ ಹೇಳಿ ಬಾಡಿಗೆಯನ್ನು ಇಳಿಸಿದ್ದುಂಟೋ? ಒಣಗಿದ ಮನೆಯ ಬೆಲೆಯನ್ನು ಕೇಳಿ, ನೆನೆದ ಮನೆಯನ್ನು ಕೊಡುವುದು ವ್ಯಾಪಾರದಲ್ಲಿ ಅಳತೆ ತಪ್ಪಿಸಿದಂತೆಯೇ ಸರಿ. ಇನ್ನು ಕೆಲವರು, “ಒಕ್ಕಲು ಮನೆಯನ್ನು ಹಾಳುಮಾಡುತ್ತಾನೆ” ಎನ್ನುವರು. ಗೋಡೆಗೆ ಮೊಳೆ ಹೊಡೆದವನೂ, ಬಚ್ಚಲಿನ ಹೊಂಡಕ್ಕೆ ಕಸ ತುಂಬಿದವನೂ ಆತನಾದರೆ ಅವುಗಳ ವೆಚ್ಚವನ್ನು ಆತನೇ ತೆರಲಿ. ಹಂಚಿನ ಮೇಲೆ ತೆಂಗಿನ ಕಾಯಿ ಬೀಳಿಸಿದವನು ಆತನಲ್ಲ. ಮೂರನೆಯವರ ಮಾತು ಬಹು ಚಿಕ್ಕದು: “ಆಗದಿದ್ದರೆ ಬಿಟ್ಟುಹೋಗಲಿ.” ಮಕ್ಕಳ ಶಾಲೆ ನಡೆಯುತ್ತಿರುವಾಗ, ಮುಂಗಡದ ಹಣ ಮನೆಯೊಡೆಯರ ಕೈಯಲ್ಲಿರುವಾಗ, ಆಟಿಯ ಮಳೆಯಲ್ಲಿ ಸಾಮಾನು ಹೊತ್ತುಕೊಂಡು ಹೋಗಲು ಬೇರೆ ಮನೆಯಿದ್ದಿದ್ದರೆ ಆತನು ಈ ಉತ್ತರವನ್ನು ಕೇಳಲು ಜಗಲಿಗೆ ಬರುತ್ತಲೇ ಇರಲಿಲ್ಲ. ಎದುರಿನವನ ನಿರುಪಾಯವನ್ನು ತನ್ನ ವಾದವಾಗಿ ಬಳಸುವುದು ಸಜ್ಜನರ ಲಕ್ಷಣವಲ್ಲ.

ಈ ಮಾತನ್ನು ನಮ್ಮ ಜಿಲ್ಲೆಯವರಿಗೆ ನೆನಪಿಸಬೇಕಾಗಿ ಬಂದುದೇ ಸೋಜಿಗ. ಇಲ್ಲಿ ಒಕ್ಕಲುತನದ ಕಷ್ಟವನ್ನು ಅರಿಯದ ಮನೆಗಳು ಎಷ್ಟಿವೆ? ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವನಿಗೆ ಅದಿರಲಿಲ್ಲ. ಗುಡ್ಡವನ್ನು ಅಗೆದು ಗದ್ದೆ ಮಾಡಿದರೆ ಗೇಣಿ ಏರೀತು, ತೋಟವನ್ನೆಬ್ಬಿಸಿದರೆ ಬೇರೊಬ್ಬನಿಗೆ ಹೋದೀತು ಎಂಬ ಭಯದಲ್ಲಿ ಆತನು ಧಣಿಯ ಭೂಮಿಯನ್ನು ಇದ್ದಂತೆಯೇ ಇಟ್ಟುಕೊಳ್ಳುತ್ತಿದ್ದನು. 1961ರ ಭೂಸುಧಾರಣೆಯ ಕಾಯಿದೆಗೆ ಬಂದ ತಿದ್ದುಪಡಿಯಿಂದ 1974ರ ಮಾರ್ಚಿ 1ರಂದು ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆ ಭೂನ್ಯಾಯಮಂಡಳಿಗಳ ಮೂಲಕ ಹಕ್ಕು ದೊರೆಯತೊಡಗಿತು. ಆ ಭೂಮಿಯ ಫಲದಿಂದ ಓದಿ, ದುಡಿದು, ಪೇಟೆಯ ಬದಿಯಲ್ಲಿ ನಾಲ್ಕು ಬಿಡಾರಗಳನ್ನು ಕಟ್ಟಿಸಿದವರು ನಮ್ಮ ನಡುವೆ ಇದ್ದಾರೆ. ಅವರ ಏಳಿಗೆ ನಮಗೆಲ್ಲ ಸಂತೋಷದ ವಿಷಯ. ಆದರೆ ಚಾಲಗೇಣಿಯವನ ಮೊಮ್ಮಗನು ತನ್ನ ಬಿಡಾರದ ಒಕ್ಕಲಿಗೆ, ಅಜ್ಜನಿಗೆ ಧಣಿಯು ಕೊಟ್ಟ ಉತ್ತರವನ್ನೇ ಕೊಡುವುದನ್ನು ಕೇಳುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಬಿಡಾರದವನ ಭಯವೂ ಅಂದಿನದೇ. ಸ್ವಂತ ಹಣದಿಂದ ಸುಣ್ಣ ಬಳಿದರೆ, “ಮನೆ ಚೆನ್ನಾಗಿದೆ” ಎಂದು ಬಾಡಿಗೆ ಏರುವುದು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಬಾಡಿಗೆದಾರನಿಗೆ ಕಾನೂನೆಲ್ಲ ಅನುಕೂಲವೆಂದು ಮನೆಯೊಡೆಯರು ನಂಬಿದ್ದಾರೆ, ಅದು ತಪ್ಪು. ಕರ್ನಾಟಕದ ಬಾಡಿಗೆ ಕಾಯಿದೆಯು 1999ರದ್ದು, ಜಾರಿಗೆ ಬಂದುದು 2001ರ ಡಿಸೆಂಬರ 31ರಂದು. ಆದರೆ ಕಾಯಿದೆಯ ಲೆಕ್ಕದಂತೆ ತಿಂಗಳ ಬಾಡಿಗೆಯು ಮೊದಲನೆಯ ಪರಿಶಿಷ್ಟದ ‘ಎ’ ಭಾಗದ ಊರುಗಳಲ್ಲಿ 3,500 ರೂಪಾಯಿಯನ್ನೂ ಇತರ ಊರುಗಳಲ್ಲಿ 2,000 ರೂಪಾಯಿಯನ್ನೂ ಮೀರಿದರೆ ಆ ಕಟ್ಟಡಕ್ಕೆ ಅದು ಅನ್ವಯಿಸದು. ಇಂದು ಸಂಸಾರವೊಂದು ವಾಸಿಸಬಹುದಾದ ಮನೆ ಎರಡು ಸಾವಿರ ರೂಪಾಯಿಗೆ ಎಲ್ಲಿ ಸಿಗುತ್ತದೆ? ಆದುದರಿಂದ ನಮ್ಮ ಬಿಡಾರಗಳಲ್ಲಿ ಬಹುಪಾಲಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆಯ ಕಾಯಿದೆಯೊಂದೇ.

ಅದರ 108ನೆಯ ಕಲಮನ್ನು ಮನೆಯೊಡೆಯರೂ ಒಕ್ಕಲುಗಳೂ ಒಮ್ಮೆ ಓದುವುದು ಒಳ್ಳೆಯದು. ಸಾಮಾನ್ಯ ಎಚ್ಚರದಿಂದ ನೋಡಿದರೂ ಒಕ್ಕಲಿಗೆ ಕಾಣದಂಥ, ಒಡೆಯನಿಗೆ ಗೊತ್ತಿರುವಂಥ, ವಾಸಕ್ಕೆ ಬಾಧಕವಾದ ದೋಷವಿದ್ದರೆ ಅದನ್ನು ಆತನು ಮೊದಲೇ ತಿಳಿಸತಕ್ಕದ್ದೆಂದು ಅದರ ಮೊದಲನೆಯ ವಿಧಿ. ಎಪ್ರಿಲಿನ ಬಿಸಿಲಿನಲ್ಲಿ ಮನೆ ತೋರಿಸಿ, ಜೂನಿನ ಸೋರಿಕೆಯ ವಿಷಯವನ್ನು ನುಂಗಿಕೊಳ್ಳುವವರು ಇದನ್ನು ಗಮನಿಸಬೇಕು. ಅದೇ ಕಲಮಿನ ‘ಎಫ್’ ವಿಧಿಯಂತೆ, ಒಡೆಯನು ತಾನು ಮಾಡತಕ್ಕ ದುರಸ್ತಿಯನ್ನು ನೋಟೀಸು ತಲಪಿದ ಬಳಿಕ ಯುಕ್ತವಾದ ಕಾಲದೊಳಗೆ ಮಾಡದೆ ಹೋದರೆ, ಒಕ್ಕಲು ತಾನೇ ಮಾಡಿಸಿ ಅದರ ವೆಚ್ಚವನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಆದರೆ ಇಲ್ಲಿಯೇ ಒಂದು ಗಂಟಿದೆ. “ತಾನು ಮಾಡತಕ್ಕ ದುರಸ್ತಿ” ಎಂದರೆ ಯಾವುದು? ಎಲ್ಲ ದುರಸ್ತಿಯೂ ಒಡೆಯನದೆಂದು ಆ ಕಾಯಿದೆ ಹೇಳುವುದಿಲ್ಲ. ಕರಾರಿನಲ್ಲಿ ಬರೆದಿದ್ದರೆ ಉಂಟು. ಬರೆಯದಿದ್ದರೆ ವಾದಕ್ಕೆ ಎಡೆಯಾಯಿತು. ಕರಾರಿಲ್ಲದೆ ಬಾಡಿಗೆ ಮುರಿದುಕೊಂಡವನು ಬಾಡಿಗೆಯನ್ನೇ ಬಾಕಿಯಿಟ್ಟವನೆಂದು ಕೋರ್ಟಿನಲ್ಲಿ ನಿಲ್ಲಬೇಕಾದೀತು. ಕೋಪದ ಭರದಲ್ಲಿ ಹಾಗೆ ಮಾಡಹೊರಡುವ ಒಕ್ಕಲುಗಳಿಗೆ ಇದು ನನ್ನ ಎಚ್ಚರಿಕೆ. ಕಾಯಿದೆ ಕೊಟ್ಟ ಹಕ್ಕಿನ ಬೀಗದ ಕೈ ನಮ್ಮ ಕರಾರುಪತ್ರದಲ್ಲಿದೆ. ನಮ್ಮ ಕರಾರುಪತ್ರಗಳಲ್ಲಿ ಏನಿರುತ್ತದೆ? ವರ್ಷವನ್ನು ಮೀರಿದ ಒಪ್ಪಂದವನ್ನು ನೋಂದಾಯಿಸಬೇಕಾದುದರಿಂದ ಹನ್ನೊಂದು ತಿಂಗಳ ಅವಧಿ, ಮುಂಗಡ, ಬಾಡಿಗೆಯ ತಾರೀಕು, ಏರಿಕೆಯ ಪ್ರಮಾಣ, ಬಿಡುವಾಗ ಬಣ್ಣಕ್ಕೆ ಮುರಿದುಕೊಳ್ಳುವ ಮೊತ್ತ; ಒಡೆಯನ ಕಡೆಯ ಸಾಲುಗಳೆಲ್ಲ ಇವೆ. ಮಾಡಿನ ವಿಷಯವಾಗಿ ಒಂದು ಸಾಲೂ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಕಾಗದವೇ ಇಲ್ಲ. “ನಮ್ಮೊಳಗೆ ಕಾಗದ ಯಾಕೆ? ನಂಬಿಕೆ ಸಾಲದೋ?” ಎಂಬ ಮಾತಿಗೆ ಒಕ್ಕಲು ನಾಚಿಕೊಂಡು ಸುಮ್ಮನಾಗುತ್ತಾನೆ. ಮುಂಗಡದ ಹಣವನ್ನು ಎಣಿಸಿ ತೆಗೆದುಕೊಳ್ಳುವಾಗ ಅಡ್ಡಬಾರದ ನಂಬಿಕೆ, ಮಾಡಿನ ದುರಸ್ತಿಯನ್ನು ಬರೆಯುವಾಗ ಮಾತ್ರ ಅಡ್ಡಬರುವುದಾದರೆ ಅದಕ್ಕೆ ಬೇರೆ ಹೆಸರಿಡಬೇಕಾಗುತ್ತದೆ.

ನೆರೆಯ ಊರಾದ ಬಂಟ್ವಾಳಕ್ಕೆ ಇದರಲ್ಲಿ ಇನ್ನೊಂದು ಪಾಠವುಂಟು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಪೇಟೆಯನ್ನು ಮುಳುಗಿಸಿದ್ದನ್ನು ಊರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನ ಊರುಗಳೂ ಬಂಟ್ವಾಳದ ಹೊಳೆಯ ಬದಿಯ ಮನೆಗಳೂ ಪಟ್ಟ ಪಾಡನ್ನು ನಾವೇ ಕಂಡಿದ್ದೇವೆ. ನೆರೆಯಿಂದ ಮನೆಯ ಮುಖ್ಯ ಭಾಗ ನಾಶವಾಗಿಯೋ ವಾಸಕ್ಕೆ ಶಾಶ್ವತವಾಗಿ ಅಯೋಗ್ಯವಾಗಿಯೋ ಹೋದರೆ ಒಪ್ಪಂದವನ್ನು ರದ್ದೆಂದು ತಿಳಿಯುವ ಅಧಿಕಾರ ಒಕ್ಕಲಿಗೆ ಅದೇ 108ನೆಯ ಕಲಮಿನಲ್ಲಿದೆ. ಆದರೆ ಕೆಸರು ತುಂಬಿ ಎರಡು ತಿಂಗಳು ನಿಲ್ಲಲಾಗದ ಮನೆಯು “ಶಾಶ್ವತವಾಗಿ ಅಯೋಗ್ಯ”ವಲ್ಲ. ಆ ಎರಡು ತಿಂಗಳ ಬಾಡಿಗೆ ಯಾರ ಪಾಲಿಗೆ, ಕೆಸರು ತೆಗೆಸುವ ಕೂಲಿ ಯಾರದು ಎಂಬುದನ್ನು ನೆರೆ ಬಂದ ಮೇಲೆ ಚರ್ಚಿಸಿದರೆ ಜಗಳ. ನೆರೆಗೆ ಮೊದಲೇ ಬರೆದಿಟ್ಟರೆ ವ್ಯವಹಾರ.

2021ರಲ್ಲಿ ಕೇಂದ್ರ ಸರಕಾರವು ಮಾದರಿ ಬಾಡಿಗೆ ಕಾಯಿದೆಯೊಂದನ್ನು ಸಿದ್ಧಪಡಿಸಿ ರಾಜ್ಯಗಳ ಮುಂದಿಟ್ಟಿತು. ಯಾವ ದುರಸ್ತಿ ಒಡೆಯನದು, ಯಾವುದು ಒಕ್ಕಲಿನದು ಎಂದು ಅದರಲ್ಲಿ ಪಟ್ಟಿಯೇ ಇದೆ. ಕಟ್ಟಡದ ಮುಖ್ಯ ದುರಸ್ತಿ, ಗೋಡೆಯ ಸುಣ್ಣ, ನೀರಿನ ಕೊಳವೆ, ವಿದ್ಯುತ್ತಿನ ತಂತಿ ಒಡೆಯನ ಪಾಲಿಗೆ; ನಲ್ಲಿಯ ವಾಶರು, ಚರಂಡಿ ತೊಳೆಯುವುದು, ಒಡೆದ ಕಿಟಿಕಿಯ ಗಾಜು ಒಕ್ಕಲಿನ ಪಾಲಿಗೆ. ಒಡೆಯನು ಮಾಡದಿದ್ದರೆ ಒಕ್ಕಲು ಮಾಡಿಸಿ ಮುರಿದುಕೊಳ್ಳಬಹುದು; ಒಂದು ತಿಂಗಳಲ್ಲಿ ಮುರಿದುಕೊಳ್ಳುವುದು ಆ ತಿಂಗಳ ಬಾಡಿಗೆಯ ಅರ್ಧವನ್ನು ಮೀರಕೂಡದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಕೂಡದೆಂದೂ ಅದರಲ್ಲಿದೆ. ಆದರೆ ಅದು ಮಾದರಿ. ರಾಜ್ಯವು ತನ್ನದೇ ಶಾಸನದಿಂದ ಅಂಗೀಕರಿಸಿದಲ್ಲದೆ ಯಾರನ್ನೂ ಕಟ್ಟಿಹಾಕದು. ಅಷ್ಟರ ತನಕ ಕಾದು ಕುಳಿತುಕೊಳ್ಳಬೇಕೋ? ಬೇಡ. ಆ ಪಟ್ಟಿಯನ್ನು ನಮ್ಮ ಕರಾರುಪತ್ರಕ್ಕೆ ಇಳಿಸಿಕೊಳ್ಳಬಾರದೆಂದು ಯಾರೂ ತಡೆದಿಲ್ಲ.

ನಾನು ಕೇಳುವುದು ಇಷ್ಟೇ. ಬಿಡಾರದ ಕರಾರುಪತ್ರದಲ್ಲಿ ನಾಲ್ಕು ಸಾಲುಗಳನ್ನು ಸೇರಿಸೋಣ. ಮಾಡು, ಗೋಡೆ, ವಿದ್ಯುತ್ತಿನ ತಂತಿ, ನೀರಿನ ಕೊಳವೆ, ಬಾವಿಯ ಕಟ್ಟೆ ಇವುಗಳ ದುರಸ್ತಿ ಒಡೆಯನದು. ವರ್ಷಕ್ಕೊಮ್ಮೆ, ಪತ್ತನಾಜೆಯೊಳಗೆ, ಒಡೆಯನೂ ಒಕ್ಕಲೂ ಕೂಡಿ ಮನೆಯನ್ನು ನೋಡತಕ್ಕದ್ದು. ಬರಹದಲ್ಲಿ ತಿಳಿಸಿದ ಕೊರತೆಯನ್ನು ಇಂತಿಷ್ಟು ದಿನಗಳೊಳಗೆ ಸರಿಪಡಿಸದಿದ್ದರೆ ಒಕ್ಕಲು ಮಾಡಿಸಿ, ರಶೀದಿ ಕೊಟ್ಟು, ಬಾಡಿಗೆಯಲ್ಲಿ ಕಂತುಕಂತಾಗಿ ಮುರಿದುಕೊಳ್ಳತಕ್ಕದ್ದು. ಒಕ್ಕಲಿನ ತಪ್ಪಿನಿಂದಾದ ಹಾನಿಯನ್ನು ಒಕ್ಕಲೇ ತುಂಬತಕ್ಕದ್ದು. ಇದರಲ್ಲಿ ಒಡೆಯರಿಗೆ ಅನ್ಯಾಯವಾಗುವ ಸಾಲು ಯಾವುದೆಂದು ಅವರೇ ತೋರಿಸಲಿ. 108ನೆಯ ಕಲಮಿನ ವಿಧಿಗಳೆಲ್ಲ ಬೇರೆ ಕರಾರೋ ಊರಿನ ರೂಢಿಯೋ ಇಲ್ಲದ ಪಕ್ಷಕ್ಕೆ ಹೇಳಿದವು; ಎಂದ ಮೇಲೆ ಊರಿನ ರೂಢಿಗೂ ಕಾಯಿದೆ ಮನ್ನಣೆ ಕೊಟ್ಟಂತಾಯಿತು. ಸತ್ಕುಲದವರೆನಿಸಿಕೊಂಡ ನಾಲ್ಕು ಮನೆಗಳು ಹೀಗೆ ಬರೆದುಕೊಡತೊಡಗಿದರೆ ಹತ್ತು ವರ್ಷದಲ್ಲಿ ಅದೇ ಈ ಸೀಮೆಯ ರೂಢಿಯಾದೀತು.

ಒಕ್ಕಲುಗಳಿಗೂ ಒಂದು ಮಾತಿದೆ. ಜಗಲಿಯಲ್ಲಿ ನಿಂತು ಹೇಳಿದ ಮಾತು ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಮನೆಗೆ ಬರುವ ದಿನವೇ ಗೋಡೆ, ಮಾಡು, ಬಾಗಿಲುಗಳ ಸ್ಥಿತಿಯನ್ನು ಬರೆದು, ಚಿತ್ರ ತೆಗೆದು, ಇಬ್ಬರೂ ರುಜು ಹಾಕಿರಿ. ಸೋರಿಕೆ ಕಂಡ ದಿನವೇ ತಾರೀಕು ಹಾಕಿ ಬರೆದು ಕಳುಹಿಸಿ, ಪ್ರತಿಯನ್ನು ಇಟ್ಟುಕೊಳ್ಳಿರಿ. ಮತ್ತೆ ಮಳೆ ಬಿಟ್ಟ ಮೇಲೆ ಅದನ್ನೇ ನೆನಪಿಸಿ ಬರೆಯಿರಿ. “ಈಗ ಸೋರುವುದಿಲ್ಲವಷ್ಟೆ” ಎಂಬ ಮಾತಿಗೆ ಜುಲಾಯಿಯ ಚಿತ್ರವೇ ಉತ್ತರ. ಒಡೆಯನು ನೋಡಲು ಬಂದಾಗ ಬಾಗಿಲು ತೆರೆಯಿರಿ. ಯುಕ್ತ ಹೊತ್ತಿನಲ್ಲಿ ಮನೆಯನ್ನು ನೋಡುವ ಹಕ್ಕನ್ನು ಕಾಯಿದೆ ಆತನಿಗೆ ಕೊಟ್ಟಿದೆ. ನಿಮ್ಮ ತಪ್ಪಿನಿಂದಾದ ದೋಷವನ್ನು ನೋಟೀಸು ಬಂದ ಮೂರು ತಿಂಗಳೊಳಗೆ ಸರಿಪಡಿಸುವ ಹೊಣೆಯೂ ಅದೇ ಕಲಮಿನಲ್ಲಿದೆ. ಗೋಡೆ ಬೀಳುವಂತಿದ್ದರೆ ಪುರಸಭೆಗೋ ಪಂಚಾಯತಿಗೋ ಬರೆಯಿರಿ. ಅಪಾಯಕರವಾದ ಕಟ್ಟಡವನ್ನು ಸರಿಪಡಿಸುವಂತೆ ಒಡೆಯನಿಗೆ ಆಜ್ಞಾಪಿಸುವ ಅಧಿಕಾರ 1964ರ ಪುರಸಭೆಗಳ ಕಾಯಿದೆಯಲ್ಲಿದೆ. ವ್ಯಾಜ್ಯಕ್ಕೆ ಹೆದರಬೇಕಾಗಿಲ್ಲ, 1987ರ ಕಾಯಿದೆಯಂತೆ ಏರ್ಪಟ್ಟ ಕಾನೂನು ಸೇವಾ ಸಮಿತಿಗಳಲ್ಲಿ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯದ ಮಿತಿಯಿಲ್ಲದೆ, ಇತರರಲ್ಲಿ ಬಡವರಿಗೆ ಆದಾಯವನ್ನು ನೋಡಿ, ಉಚಿತವಾದ ನೆರವು ದೊರೆಯುತ್ತದೆ.

ಕೊನೆಗೆ, ಮುಂಬಯಿಯಲ್ಲಿಯೂ ಗಲ್ಫ್ ದೇಶಗಳಲ್ಲಿಯೂ ಇರುವ ನಮ್ಮ ಮನೆಯೊಡೆಯರಿಗೆ ಒಂದು ವಿಜ್ಞಾಪನೆ. ನೀವು ಊರಿನಲ್ಲಿ ನೇಮಿಸಿದವರಿಗೆ ಬಾಡಿಗೆ ವಸೂಲು ಮಾಡುವ ಅಧಿಕಾರವಿದೆ, ಹಂಚು ಬದಲಿಸುವ ಅಧಿಕಾರವಿಲ್ಲ. “ಅವರಿಗೆ ಹೇಳಿದ್ದೇನೆ” ಎಂಬುದು ಅವರ ಉತ್ತರ. “ನನಗೆ ಯಾರೂ ಹೇಳಲಿಲ್ಲ” ಎಂಬುದು ನಿಮ್ಮದು. ಈ ಎರಡು ಉತ್ತರಗಳ ನಡುವೆ ನೆನೆಯುತ್ತಿರುವುದು ಒಂದು ಸಂಸಾರ. ಬಾಡಿಗೆಯನ್ನು ಪಡೆಯುವ ಕೈಗೆ, ವರ್ಷಕ್ಕೊಮ್ಮೆ ಮಾಡನ್ನು ನೋಡಿಸುವಷ್ಟು ಹಣವನ್ನೂ ಅನುಮತಿಯನ್ನೂ ಕೊಡಿರಿ.

ಮೂಡುಬಿದಿರೆಯ ಆ ಬಿಡಾರದ ಒಡೆಯರೂ ಈ ಪತ್ರಿಕೆಯನ್ನು ಓದುವವರೇ ಎಂದು ನನಗೆ ಗೊತ್ತಿದೆ. ಅವರು ಕೆಟ್ಟವರಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕೊಟ್ಟವರು, ಶಾಲೆಯ ಮಕ್ಕಳಿಗೆ ಪುಸ್ತಕ ಹಂಚಿದವರು. ತಮ್ಮದೇ ಮಾಡಿನ ಕೆಳಗೆ ಒಂದು ಮಗುವಿನ ಪುಸ್ತಕಗಳು ಅಕ್ಕಿಯ ಡಬ್ಬದಲ್ಲಿವೆಯೆಂಬುದನ್ನು ಅವರು ನೋಡಿಲ್ಲ; ಯಾಕೆಂದರೆ ಮಳೆಗಾಲದಲ್ಲಿ ಅವರು ಅಲ್ಲಿಗೆ ಹೋಗಿಲ್ಲ. ಪತ್ತನಾಜೆಗೆ ಮುಂಚೆ ಅವರೊಮ್ಮೆ ಅಲ್ಲಿಗೆ ಹೋಗಲಿ. ಆ ಮೀಟರಿನ ಹಲಗೆಯ ಮೇಲಿನ ಗೋಡೆಯನ್ನು ಮುಟ್ಟಿನೋಡಲಿ. ಅದು ಬಿಸಿಲಿನಲ್ಲಿಯೂ ಪೂರ್ತಿ ಒಣಗಿರಲಾರದು.